ಸಂಪಾಜೆ ಘಾಟಿಯಲ್ಲಿ ರಸ್ತೆ ಕೆಲಸ: ನಿಧಾನ ಮಾಡಿದರೆ ಹಿಂದಿನವರ ಹಾರ್ನ್, ಮಾಡದಿದ್ದರೆ ಕೆಲಸದವರ ಜೀವ. ಏನು ಮಾಡಲಿ?

ಘಾಟಿ_ಇಳಿಯುವವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿಯವಳು, ಕೆಲಸ ಸುಳ್ಯದಲ್ಲಿ. ಹೆಚ್ಚು ಕಡಿಮೆ ದಿನಾ ಕಾರಿನಲ್ಲಿ ಘಾಟಿ ಇಳಿದು ಹತ್ತುತ್ತೇನೆ. ಮಳೆ ನಿಂತ ಮೇಲೆ ಎಂದಿನಂತೆ ರಸ್ತೆ ಕೆಲಸ ಶುರುವಾಗಿದೆ. ಒಂದು ಕಡೆ ತಡೆಗೋಡೆ, ಇನ್ನೊಂದು ಕಡೆ ಮೋರಿ, ಅಲ್ಲಲ್ಲಿ ಡಾಂಬರು. ಅರ್ಧ ರಸ್ತೆ ಮುಚ್ಚಿ ಇನ್ನರ್ಧದಲ್ಲಿ ಒಮ್ಮೆ ಈ ಕಡೆಯವರನ್ನು, ಒಮ್ಮೆ ಆ ಕಡೆಯವರನ್ನು ಬಿಡುತ್ತಾರೆ.

ನನ್ನ ಸಮಸ್ಯೆ ಏನೆಂದರೆ, ಕೆಲಸದವರು ಕಂಡ ಕೂಡಲೇ ನಾನು 20ಕ್ಕೆ ಇಳಿಸುತ್ತೇನೆ. ಹಿಂದಿನವರಿಗೆ ಅದು ಸಹಿಸುವುದಿಲ್ಲ. ಹಾರ್ನ್ ಮೇಲೆ ಹಾರ್ನ್. ಮೊನ್ನೆ ಒಂದು ಕಾರು ನನ್ನನ್ನೂ ಕೋನ್‌ಗಳನ್ನೂ ಒಟ್ಟಿಗೇ ಓವರ್‌ಟೇಕ್ ಮಾಡಿ ಹೋಯಿತು. ಕಸ ಗುಡಿಸುತ್ತಿದ್ದ ಒಬ್ಬರು ಹೆಂಗಸು ಪೊರಕೆ ಬಿಟ್ಟು ಬರೆಗೆ (ರಸ್ತೆ ಬದಿಯ ಕಡಿದ ಗುಡ್ಡಕ್ಕೆ) ಬೆನ್ನು ಅಂಟಿಸಿ ನಿಂತರು. ಅವರಿಗೆ ಓಡಲು ಜಾಗವೇ ಇರಲಿಲ್ಲ, ಒಂದು ಕಡೆ ಬರೆ, ಇನ್ನೊಂದು ಕಡೆ ಪ್ರಪಾತ, ನಡುವೆ ನಮ್ಮ ಗಾಡಿಗಳು.

ಎಷ್ಟು ನಿಧಾನ ಹೋದರೆ ಸರಿ? ಇಳಿಜಾರಿನಲ್ಲಿ ಹಿಂದಿನವರು ಬಂದು ಗುದ್ದದ ಹಾಗೆ ನಿಧಾನ ಮಾಡುವುದು ಹೇಗೆ? ಮಂಜು ಕವಿದಾಗ ಕೆಲಸದವರು ಕಾಣುವುದೇ ಇಲ್ಲವಲ್ಲ, ಆಗ? ಅನುಭವ ಇರುವವರು ಹೇಳಿ. "ಹುಷಾರಾಗಿ ಹೋಗಿ" ಅಂತ ಮಾತ್ರ ಹೇಳಬೇಡಿ, ಅದು ಬೋರ್ಡಿನಲ್ಲೇ ಇದೆ.

---

ಪಿಕಪ್_ಸುಂಟಿಕೊಪ್ಪ:

ಅಕ್ಕಾ, ನೀವು ಮಾಡುವುದು ಸರಿ, ಆದರೆ ಸ್ವಲ್ಪ ತಡವಾಗಿ ಮಾಡುತ್ತಿದ್ದೀರಿ. ಕೆಲಸದವರು ಕಂಡ ಮೇಲೆ 20ಕ್ಕೆ ಇಳಿಸಿದರೆ ಹಿಂದಿನವನಿಗೆ ಅದು ದಿಢೀರ್ ಬ್ರೇಕ್. ಮೊದಲ ಬೋರ್ಡ್ ಕಂಡಾಗಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಮೂರನೇ ಗೇರ್, ಆಮೇಲೆ ಎರಡನೇ ಗೇರ್. ಗಾಡಿ ತಾನಾಗಿ ಹಿಡಿದುಕೊಳ್ಳುತ್ತದೆ. ಆದರೆ ಒಂದು ವಿಷಯ. ಗೇರ್‌ನಲ್ಲಿ ನಿಧಾನ ಮಾಡಿದರೆ ಹಿಂದಿನ ಕೆಂಪು ಲೈಟ್ ಉರಿಯುವುದಿಲ್ಲ. ಅದಕ್ಕೇ ಬ್ರೇಕ್ ಪೆಡಲ್ ಒಂದೆರಡು ಸಲ ಮೆಲ್ಲಗೆ ಮುಟ್ಟಿ ಬಿಡಿ, ಹಿಂದಿನವನು ಎಚ್ಚರ ಆಗಲಿ. ಕ್ಯೂ ಕೊನೆಗೆ ನೀವೇ ಇದ್ದರೆ ನಾಲ್ಕೂ ಇಂಡಿಕೇಟರ್ ಹಾಕಿ ನಿಲ್ಲಿ, ಹಿಂದೆ ಇನ್ನೊಂದು ಗಾಡಿ ಬಂದು ನಿಂತ ಮೇಲೆ ಆಫ್ ಮಾಡಿ.

ಆಟೋಮ್ಯಾಟಿಕ್ ಕಾರಾದರೆ ಡಿ ಬಿಟ್ಟು ಎಲ್‌ಗೋ ಮ್ಯಾನುಯಲ್‌ಗೋ ಹಾಕಿಕೊಳ್ಳಿ. ಮಡಿಕೇರಿ ಇರುವುದು 1,100 ಮೀಟರಿಗಿಂತ ಎತ್ತರದಲ್ಲಿ, ಸಂಪಾಜೆ ಊರು ಇರುವುದು ಘಾಟಿಯ ಬುಡದಲ್ಲಿ. ಅಷ್ಟನ್ನೂ ಬ್ರೇಕ್ ಮೇಲೇ ಇಳಿದರೆ ಬ್ರೇಕ್ ಕಾದು ಹಿಡಿತ ಕಡಿಮೆ ಆಗುತ್ತದೆ. ಆಮೇಲೆ ಬಾವುಟದವನು ಕೈ ತೋರಿಸಿದರೂ ಗಾಡಿ ಅಂದುಕೊಂಡ ಜಾಗದಲ್ಲಿ ನಿಲ್ಲುವುದಿಲ್ಲ. ಇನ್ನು ಪೆಟ್ರೋಲ್ ಉಳಿತಾಯ ಅಂತ ನ್ಯೂಟ್ರಲ್‌ನಲ್ಲಿ ಇಳಿಯುವ ಬುದ್ಧಿವಂತರು ಇದ್ದಾರಲ್ಲ, ಅವರ ಬಗ್ಗೆ ಬರೆಯಲು ಹೋದರೆ ಬಾಯಿಗೆ ಬರಬಾರದ ಮಾತು ಬರುತ್ತದೆ.

ಎಲ್ಲರೂ ಟೂರಿಸ್ಟ್‌ಗಳನ್ನು ಬೈಯುತ್ತಾರೆ. ನನ್ನ ಪ್ರಕಾರ ನಾವು ಊರಿನವರೇ ಜಾಸ್ತಿ ಡೇಂಜರ್. ಬೆಂಗಳೂರಿನವರು ತಿರುವು ಗೊತ್ತಿಲ್ಲ ಅಂತ ಭಯದಲ್ಲಾದರೂ ನಿಧಾನ ಬರುತ್ತಾರೆ. ನಮಗೆ ಪ್ರತಿ ತಿರುವೂ ಬಾಯಿಪಾಠ. ಆದರೆ ಬೆಳಿಗ್ಗೆ ಇಲ್ಲದ ಜಲ್ಲಿ ರಾಶಿ ಸಂಜೆಗೆ ತಿರುವಿನಲ್ಲೇ ಬಿದ್ದಿರುತ್ತದೆ, ಬೆಳಿಗ್ಗೆ ಎಡಕ್ಕಿದ್ದ ಕೋನ್ ಸಂಜೆಗೆ ಬಲಕ್ಕೆ ಹೋಗಿರುತ್ತದೆ. ಗೊತ್ತಿರುವ ರಸ್ತೆ ಅಂತ ಬರುವವನೇ ಮೊದಲು ಅದಕ್ಕೆ ನುಗ್ಗುವುದು.

---

ಸೈಟ್_ಮೇಸ್ತ್ರಿ:

ನಾನು ಹಲವು ವರ್ಷ ರಸ್ತೆ ಕೆಲಸದ ಸೈಟ್‌ಗಳಲ್ಲಿ ಸೂಪರ್‌ವೈಸರ್ ಆಗಿದ್ದವನು, ಘಾಟಿ ಕೆಲಸವನ್ನೂ ಮಾಡಿಸಿದ್ದೇನೆ. ಬಾವುಟ ಹಿಡಿದು ನಿಂತವನ ಕಡೆಯಿಂದ ನೋಡಿದರೆ ಹೇಗಿರುತ್ತದೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಅರ್ಧ ರಸ್ತೆ ಮುಚ್ಚಿದಾಗ ಎರಡು ತುದಿಯಲ್ಲಿ ಇಬ್ಬರು ಬಾವುಟದವರು ಇರುತ್ತಾರೆ. ಬಯಲುಸೀಮೆಯಲ್ಲಾದರೆ ಒಬ್ಬರಿಗೊಬ್ಬರು ಕಾಣುತ್ತಾರೆ. ಘಾಟಿಯಲ್ಲಿ ನಡುವೆ ತಿರುವು ಇರುತ್ತದೆ, ಕಾಣುವುದಿಲ್ಲ. ಫೋನ್ ಮಾಡೋಣ ಅಂದರೆ ಎಷ್ಟೋ ಕಡೆ ನೆಟ್‌ವರ್ಕ್ ಇಲ್ಲ. ವಾಕಿಟಾಕಿ ಕೊಟ್ಟಿದ್ದರೆ ಪುಣ್ಯ. ಕೊಡದಿದ್ದಾಗ ನಾವು ಮಾಡುತ್ತಿದ್ದದ್ದು ಇಷ್ಟೇ: ಈ ಕಡೆಯಿಂದ ಬಿಡುವ ಕೊನೆಯ ಗಾಡಿಯವರ ಕೈಗೆ ಒಂದು ಕೋಲೋ ಬಾವುಟವೋ ಕೊಟ್ಟು, ಅಲ್ಲಿರುವವನಿಗೆ ಕೊಡಿ ಅನ್ನುವುದು. ಅದು ಆ ತುದಿಗೆ ತಲುಪಿತು ಅಂದರೆ ರಸ್ತೆ ಖಾಲಿ, ಅಲ್ಲಿಂದ ಬಿಡಬಹುದು ಅಂತ ಅರ್ಥ.

ಈಗ ಯೋಚಿಸಿ. ಕೋಲು ಹಿಡಿದ ಗಾಡಿ ಹೋದ ಮೇಲೆ ಒಬ್ಬ ಬೈಕಿನವನು "ನಾನೊಬ್ಬ ತಾನೇ" ಅಂತ ಬಾವುಟದವನ ಪಕ್ಕದಿಂದ ನುಸುಳಿ ಹೋಗುತ್ತಾನೆ. ಆ ತುದಿಯವನಿಗೆ ಅದು ಗೊತ್ತಿಲ್ಲ. ಕೋಲು ಬಂತು, ಅವನು ಎದುರಿನಿಂದ ಬಸ್ಸು ಬಿಡುತ್ತಾನೆ. ಬಸ್ಸು, ಬೈಕು ಎದುರುಬದುರಾಗುವುದು ಎಲ್ಲಿ? ನಮ್ಮವರು ಕೆಲಸ ಮಾಡುವ ಜಾಗದಲ್ಲೇ. ಇಬ್ಬರಲ್ಲಿ ಒಬ್ಬರು ತಪ್ಪಿಸಿಕೊಳ್ಳಲು ಕೋನ್ ಒಳಗೆ ನುಗ್ಗುತ್ತಾರೆ. ಒಳಗೆ ಯಾರು ಇರುತ್ತಾರೆ ಅಂತ ಬೇರೆ ಹೇಳಬೇಕಾ? ಸ್ಪೀಡಿಗಿಂತ ನನಗೆ ಈ ನುಸುಳುವವರ ಭಯವೇ ಜಾಸ್ತಿ ಇತ್ತು. ಕ್ಯೂ ಬಿಟ್ಟು ಬಲಗಡೆಯಿಂದ ಮುಂದೆ ಬಂದು ಮೂತಿ ತೂರಿಸಿ ನಿಲ್ಲುವ ಕಾರಿನವರೂ ಅದೇ ಜಾತಿ. ಎದುರಿನಿಂದ ಬರುವವರಿಗೆ ಹೊರಬರಲು ಜಾಗ ಇಲ್ಲದೆ ಅವರು ಸೈಟ್ ಒಳಗೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಎರಡನೆಯದು ಹಾರ್ನ್. ಅಕ್ಕ ಬರೆದದ್ದು ಓದಿ ಇದನ್ನು ಹೇಳಲೇಬೇಕು ಅನ್ನಿಸಿತು. ರೋಲರ್, ಟಿಪ್ಪರ್, ಜೆಸಿಬಿ ಹಿಂದಕ್ಕೆ ಬರುವಾಗ ಪೀಂ ಪೀಂ ಅಂತ ಒಂದು ಶಬ್ದ ಬರುತ್ತದಲ್ಲ, ಬೆನ್ನು ಹಾಕಿ ಬಗ್ಗಿ ಕೆಲಸ ಮಾಡುವವನನ್ನು ಕಾಯುವುದು ಆ ಶಬ್ದ. ಸಾಲಾಗಿ ನಿಂತ ಗಾಡಿಗಳು ಹಾರ್ನ್ ಹೊಡೆದರೆ ಅದು ಅವನಿಗೆ ಕೇಳಿಸುವುದಿಲ್ಲ. ನಿಮ್ಮ ಗಾಡಿ ಅವನನ್ನು ಮುಟ್ಟಬೇಕಾಗಿಯೇ ಇಲ್ಲ. ಹಿಟಾಚಿ ತಿರುಗುವಾಗ ಹಿಂದಿನ ಭಾರದ ಭಾಗವೂ ಸುತ್ತುತ್ತದೆ, ಆಪರೇಟರ್‌ಗೆ ಆ ಕಡೆ ಸರಿಯಾಗಿ ಕಾಣುವುದಿಲ್ಲ. ಅದರ ಪಕ್ಕದಲ್ಲಿ ದಾಟುವ ಮೊದಲು ಅವನು ನಿಮ್ಮನ್ನು ನೋಡಿದ್ದಾನಾ ಅಂತ ಖಾತ್ರಿ ಮಾಡಿಕೊಳ್ಳಿ.

ಇನ್ನು ಡಾಂಬರು ಹಾಕುವಾಗ "ಯಾಕ್ರೀ ಅರ್ಧ ಗಂಟೆ ನಿಲ್ಲಿಸುತ್ತೀರಿ" ಅಂತ ಜಗಳ. ಹಾಟ್ ಮಿಕ್ಸ್, ಅಂದರೆ ಜಲ್ಲಿ ಬೆರೆಸಿದ ಬಿಸಿ ಡಾಂಬರು, ಪ್ಲಾಂಟ್‌ನಿಂದ ಹೊರಡುವಾಗ 150 ಡಿಗ್ರಿ ಆಸುಪಾಸು ಇರುತ್ತದೆ. ಬಿಸಿ ಇರುವಾಗಲೇ ಹರಡಿ ರೋಲರ್ ಓಡಿಸಿ ಮುಗಿಸಬೇಕು. ಮಡಿಕೇರಿ ಚಳಿಯಲ್ಲಿ ಬೇಗ ಆರುತ್ತದೆ. ನಡುವೆ ಗಾಡಿ ಬಿಟ್ಟರೆ ಆ ಲೋಡ್ ಹಾಳು, ಮುಂದಿನ ಮಳೆಗೆ ಅಲ್ಲೇ ಗುಂಡಿ, ಮತ್ತೆ ನಮ್ಮನ್ನೇ ಬೈಯುತ್ತೀರಿ.

---

ವೀಕೆಂಡ್_ಕೂರ್ಗ್:

ಬೆಂಗಳೂರಿನವನು ನಾನು, ಬೈಯಿಸಿಕೊಳ್ಳಲು ರೆಡಿ ಆಗಿಯೇ ಬರೆಯುತ್ತಿದ್ದೇನೆ. ಮೇಸ್ತ್ರಿಗಳು ಹೇಳಿದ್ದೆಲ್ಲ ಒಪ್ಪುತ್ತೇನೆ. ಆದರೆ ನಿಮ್ಮ ಕಡೆಯ ತಪ್ಪೂ ಇದೆ ಸರ್. ಕುಶಾಲನಗರ ದಾಟಿ ಆನೆಕಾಡು ಹತ್ತಿರ ರಾತ್ರಿ ಬರುವಾಗ ರಸ್ತೆಗೆ ಒಂದು ಮರದ ಕೊಂಬೆ ಹಾಕಿದ್ದರು. ಅಷ್ಟೇ. ಅದರ ಹಿಂದೆ ಜಲ್ಲಿ ರಾಶಿ. ಲೈಟ್ ಇಲ್ಲ, ರಿಫ್ಲೆಕ್ಟರ್ ಇಲ್ಲ. ಆನೆ ದಾಟುವ ಜಾಗ, ಕೆಳಗಿಳಿದು ನೋಡುವ ಹಾಗೂ ಇಲ್ಲ. ಇನ್ನೊಂದು ಕಡೆ ಕೆಲಸ ಮುಗಿದು ಎಷ್ಟೋ ದಿನ ಆದರೂ "ನಿಧಾನವಾಗಿ ಚಲಿಸಿ" ಬೋರ್ಡ್ ಅಲ್ಲೇ ಇರುತ್ತದೆ. ಹತ್ತು ಬೋರ್ಡ್‌ನಲ್ಲಿ ಎಂಟರ ಹಿಂದೆ ಯಾರೂ ಇರುವುದಿಲ್ಲ ಅಂದ ಮೇಲೆ ಒಂಬತ್ತನೆಯದನ್ನು ಯಾರು ನಂಬುತ್ತಾರೆ ಹೇಳಿ?

---

ಸೈಟ್_ಮೇಸ್ತ್ರಿ:

@ವೀಕೆಂಡ್_ಕೂರ್ಗ್ ಬೈಯುವುದಿಲ್ಲ ಸರ್, ನೀವು ಹೇಳಿದ್ದು ನಿಜ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ ಎಸ್‌ಪಿ 55 ಅಂತ ಒಂದು ಮಾರ್ಗಸೂಚಿ ಇದೆ. ಕೆಲಸದ ಜಾಗಕ್ಕೆ ದೂರದಿಂದಲೇ ಎಚ್ಚರಿಕೆಯ ಬೋರ್ಡ್, ಆಮೇಲೆ ಗಾಡಿಗಳನ್ನು ಪಕ್ಕಕ್ಕೆ ಸರಿಸುವ ಓರೆ ಸಾಲು, ಆಮೇಲೆ ಸುಮ್ನೆ ಖಾಲಿ ಬಿಡುವ ಜಾಗ, ಆಮೇಲೆ ಕೆಲಸ, ಕೊನೆಗೆ ಮುಗಿಯುವ ಭಾಗ. ಹೀಗೆ ಎಲ್ಲ ಬರೆದಿದೆ. ಆ ಖಾಲಿ ಜಾಗ ಇರುವುದೇ ಬ್ರೇಕ್ ಸಿಗದ ಗಾಡಿ ಒಳಗೆ ಬಂದರೂ ಆಳಿನ ಮೇಲೆ ಹೋಗದಿರಲಿ ಅಂತ. ಘಾಟಿಯಲ್ಲಿ ಎರಡು ತಿರುವಿನ ನಡುವೆ ಅಷ್ಟು ಉದ್ದ ಸಿಗುವುದಿಲ್ಲ ಅನ್ನುವುದು ಒಂದು. ಸಿಗುವ ಕಡೆಯೂ ಖರ್ಚು ಉಳಿಸಲು ಬಿಡುವುದಿಲ್ಲ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಕ್ಷಮೆ ಇಲ್ಲ.

ಆದರೆ "ಬೋರ್ಡ್ ಹಿಂದೆ ಯಾರೂ ಇಲ್ಲ" ಅನ್ನುವ ಮಾತಿಗೆ ಮಾತ್ರ ನನ್ನ ತಕರಾರು. ಆಳು ಕಾಣದಿದ್ದರೂ ಮೋರಿ ಗುಂಡಿಯೊಳಗೆ ತಲೆ ಕಾಣದ ಹಾಗೆ ಇಳಿದು ಕಂಬಿ ಕಟ್ಟುತ್ತಿರುತ್ತಾರೆ. ಮೆಷಿನ್ ನೆರಳಲ್ಲಿ ಊಟಕ್ಕೆ ಕೂತಿರುತ್ತಾರೆ. ಎಷ್ಟೋ ಜನ ರಾಯಚೂರು, ಕೊಪ್ಪಳ ಕಡೆಯವರು, ಉತ್ತರ ಭಾರತದವರು. ಮಕ್ಕಳು ಮರಿ ಸಮೇತ ಬಂದಿರುತ್ತಾರೆ, ಸೈಟ್ ಬದಿಯಲ್ಲೇ ಮಗು ಮಲಗಿಸಿರುತ್ತಾರೆ. ಇನ್ನೊಂದು, ಮಳೆ ಬಂದರೆ ರಿಫ್ಲೆಕ್ಟರ್ ಜಾಕೆಟ್ ಮೇಲೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಳ್ಳುತ್ತಾರೆ. ಮುಗಿಯಿತು, ಹೊಳೆಯುವ ಪಟ್ಟಿಯೆಲ್ಲ ಒಳಗೆ. ಹೆಡ್‌ಲೈಟ್ ಬೆಳಕಿಗೆ ಹೊಳೆಯುವವನನ್ನು ಹುಡುಕಬೇಡಿ, ಹೊಳೆಯದವನೂ ಇದ್ದಾನೆ ಅಂದುಕೊಳ್ಳಿ.

---

ಭಾಗಮಂಡಲ_ಮಂಜು:

ಮಂಜಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡುತ್ತೇನೆ. ಹೈಬೀಮ್ ಹಾಕಬೇಡಿ, ಬೆಳಕು ಮಂಜಿಗೆ ಬಡಿದು ವಾಪಸ್ ಕಣ್ಣಿಗೇ ಬರುತ್ತದೆ, ಎದುರಿಗೆ ಬಿಳಿ ಪರದೆ ಕಟ್ಟಿದ ಹಾಗೆ. ಲೋ ಬೀಮ್, ಫಾಗ್ ಲೈಟ್ ಇದ್ದರೆ ಅದು. ನಾಲ್ಕು ಇಂಡಿಕೇಟರ್ ಹಾಕಿಕೊಂಡೇ ಓಡಿಸುವವರು ನಿಲ್ಲಿಸಿ ಸ್ವಾಮಿ, ನೀವು ನಿಂತಿದ್ದೀರೋ ತಿರುಗುತ್ತೀರೋ ಹೋಗುತ್ತಿದ್ದೀರೋ ಯಾರಿಗೂ ಗೊತ್ತಾಗುವುದಿಲ್ಲ.

ಸ್ಪೀಡ್ ಲೆಕ್ಕ ಸುಲಭ. ಚಾಲಕ ನೋಡಿ ಬ್ರೇಕ್ ಒತ್ತಲು ಎರಡೂವರೆ ಸೆಕೆಂಡ್ ಅಂತ ರಸ್ತೆ ಎಂಜಿನಿಯರ್‌ಗಳು ಲೆಕ್ಕ ಹಿಡಿಯುತ್ತಾರೆ. 60ರಲ್ಲಿ ಹೋಗುವ ಗಾಡಿ ಅಷ್ಟರಲ್ಲೇ 40 ಮೀಟರ್ ದಾಟಿರುತ್ತದೆ, ಬ್ರೇಕ್ ಇನ್ನೂ ಶುರುವೇ ಆಗಿಲ್ಲ. ಪೂರ್ತಿ ನಿಲ್ಲಲು 80 ಮೀಟರ್ ಬೇಕು. 40ರಲ್ಲಿ 45 ಮೀಟರ್. 30ರಲ್ಲಿ 30, 20ರಲ್ಲಿ 20. ಅಂದರೆ 30ರ ಕೆಳಗೆ ಎಷ್ಟು ಮೀಟರ್ ಕಾಣುತ್ತದೋ ಅಷ್ಟೇ ಸ್ಪೀಡ್ ಅಂತ ನೆನಪಿಟ್ಟುಕೊಂಡರೆ ಸಾಕು. ಇದು ಸಮತಟ್ಟು ರಸ್ತೆಯ ಲೆಕ್ಕ. ಇಳಿಜಾರಿನಲ್ಲಿ ಇನ್ನೂ ಜಾಸ್ತಿ ದೂರ ಬೇಕು, ಕೆಸರಿದ್ದರೆ ಕೇಳಲೇಬೇಡಿ. ಕಕ್ಕಡದಲ್ಲಿ (ನಮ್ಮ ಜೋರು ಮಳೆಯ ತಿಂಗಳು) ಮುಂದಿನ ಗಾಡಿಯ ಟೇಲ್‌ಲೈಟ್ ಬಿಟ್ಟರೆ ಏನೂ ಕಾಣದ ದಿನ ಇರುತ್ತವೆ. ಅಂಥ ದಿನ ಬರೆ ಕುಸಿದು ಮಣ್ಣು ತೆಗೆಯುತ್ತಿದ್ದಾರೆ ಅಂದರೆ ಅಕ್ಕ, 20 ಕೂಡ ಜಾಸ್ತಿಯೇ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಜಾರಿ ರಸ್ತೆ ಬಂದ್ ಆದಾಗ ನೆನಪಿದೆಯಲ್ಲ, ಇನ್ನೂ ಮಣ್ಣು ಜಾರುವ ಗುಡ್ಡದ ಕೆಳಗೆ ನಿಂತು ದಾರಿ ಬಿಡಿಸಿದವರು ಇದೇ ಜೆಸಿಬಿಯವರು, ಕೂಲಿಯವರು. ಅವರು ಒಂದು ಕಣ್ಣು ಮೇಲಿನ ಬರೆ ಮೇಲೆ ಇಟ್ಟಿರಬೇಕು. ಇನ್ನೊಂದನ್ನು ನಮ್ಮ ಗಾಡಿ ಮೇಲೆ ಇಡುವ ಹಾಗೆ ಮಾಡುವುದು ನ್ಯಾಯವಾ?

---

ಎರಡು_ಚಕ್ರ_ಸೋಮವಾರಪೇಟೆ:

ಬೈಕಿನವರಿಗೆ ಎರಡು ಮಾತು. ಡಾಂಬರಿಗೆ ಮೊದಲು ರಸ್ತೆಗೆ ಕಪ್ಪು ನೀರಿನ ಹಾಗೆ ತೆಳು ಡಾಂಬರು ಸಿಂಪಡಿಸಿರುತ್ತಾರೆ, ಅದರ ಮೇಲೆ ಬ್ರೇಕ್ ಮುಟ್ಟಿದರೆ ನೆಲಕ್ಕೇ. ಬಿಡಿ ಜಲ್ಲಿ ಮೇಲೂ ಅಷ್ಟೇ, ಮುಂದಿನ ಬ್ರೇಕ್ ಹಿಡಿಯಬೇಡಿ, ಹ್ಯಾಂಡಲ್ ತಿರುಗಿಸಬೇಡಿ, ನೇರ ಮೆಲ್ಲಗೆ ಹೋಗಿ.

ಸ್ಪೀಡಾಗಿ ಹೋದರೆ ಟೈರಿನಿಂದ ಜಲ್ಲಿ ಹಾರುತ್ತದೆ. ಬದಿಯಲ್ಲಿ ಕೂತು ಕಲ್ಲು ಜೋಡಿಸುವವರ ಮುಖ ಅದೇ ಎತ್ತರದಲ್ಲಿ ಇರುತ್ತದೆ. ಮೇಸ್ತ್ರಿ ಹೇಳಿದ ಬೈಕಿನವನ ವಿಷಯ ನೂರಕ್ಕೆ ನೂರು ಸರಿ, ನಮ್ಮವರು ಸಂದಿ ಕಂಡರೆ ಬಿಡುವುದಿಲ್ಲ.

---

ಕೋರ್ಟ್_ರೋಡ್:

ಕಾನೂನು ಗೊತ್ತಿರಲಿ. ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಅಪಾಯಕಾರಿ ಚಾಲನೆಯದ್ದು. 2019ರ ತಿದ್ದುಪಡಿ ಆದ ಮೇಲೆ ಸ್ಟಾಪ್ ಚಿಹ್ನೆ ಮೀರುವುದು, ನಿಯಮ ಬಿಟ್ಟು ಓವರ್‌ಟೇಕ್ ಮಾಡುವುದು, ಕೈಯಲ್ಲಿ ಫೋನ್ ಹಿಡಿದು ಓಡಿಸುವುದು ಅದರಲ್ಲೇ ಬರುತ್ತವೆ. ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳಿಂದ 1 ವರ್ಷ ಜೈಲು, ಅಥವಾ ಎರಡೂ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್, 5 ವರ್ಷದವರೆಗೆ ಜೈಲು. ಮೊದಲು ಐಪಿಸಿಯಲ್ಲಿ ಇದು 2 ವರ್ಷ ಇತ್ತು.

ಬೆಂಗಳೂರಿನ ಸರ್ ಹೇಳಿದ ಮರದ ಕೊಂಬೆಗೂ ಸೆಕ್ಷನ್ ಇದೆ, 198ಎ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿ ಮಾಡಿದ ಸುರಕ್ಷತಾ ಮಟ್ಟ ಪಾಲಿಸದೆ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ ಸಂಬಂಧಪಟ್ಟ ಪ್ರಾಧಿಕಾರ, ಗುತ್ತಿಗೆದಾರರಿಗೆ 1 ಲಕ್ಷದವರೆಗೆ ದಂಡ. ಒಂದು ಜೀವಕ್ಕೆ 1 ಲಕ್ಷ ಏನು ಮಹಾ ಅಂತ ಕೇಳಿದರೆ ನನ್ನ ಬಳಿಯೂ ಉತ್ತರ ಇಲ್ಲ. ಆದರೆ ಫೋಟೊ, ಜಾಗ, ಸಮಯ ಇಟ್ಟುಕೊಂಡು ದೂರು ಕೊಟ್ಟರೆ ಬೋರ್ಡ್, ಲೈಟ್ ಬರುವುದುಂಟು. ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ 1033. ನಮ್ಮ ಈ ಘಾಟಿ ರಸ್ತೆ, 275, ಕೂಡ ರಾಷ್ಟ್ರೀಯ ಹೆದ್ದಾರಿಯೇ, ಮರೆಯಬೇಡಿ. ತುರ್ತು ಇದ್ದರೆ 112, ಆಂಬುಲೆನ್ಸ್ 108. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ ಕೇಸು ನಮ್ಮ ತಲೆಗೆ ಬರುತ್ತದೆ ಅನ್ನುವ ಭಯ ಬಿಡಿ, ಸಹಾಯ ಮಾಡಿದವರಿಗೆ 134ಎ ರಕ್ಷಣೆ ಕೊಡುತ್ತದೆ.

---

ಘಾಟಿ_ಇಳಿಯುವವಳು:

ಎಲ್ಲರಿಗೂ ಥ್ಯಾಂಕ್ಸ್. ಪಿಕಪ್ ಅಣ್ಣ ಹೇಳಿದ ಹಾಗೆ ಬೋರ್ಡಿನ ಹತ್ತಿರವೇ ಗೇರ್ ಇಳಿಸಿ ಬ್ರೇಕ್ ಲೈಟ್ ತೋರಿಸಿದೆ, ಹಾರ್ನ್ ಕಡಿಮೆ ಆಗಿದೆ. ಪೂರ್ತಿ ನಿಂತಿಲ್ಲ, ಕೆಲವರಿಗೆ ಹಾರ್ನ್ ಒಂದು ಚಟ ಅಲ್ವಾ.

ಮೇಸ್ತ್ರಿಯವರಿಗೆ ಇನ್ನೊಂದು ಪ್ರಶ್ನೆ. ಬಾವುಟದವರು ಬಿಟ್ಟ ಮೇಲೆ ನಾನು ಇಳಿಯುತ್ತಿದ್ದೇನೆ, ಅರ್ಧಕ್ಕೆ ಹೋದಾಗ ನೀವು ಹೇಳಿದ ಹಾಗೆ ಯಾರೋ ನುಸುಳಿ ಎದುರು ಬಂದರು ಅಂದುಕೊಳ್ಳಿ. ಆಗ ಯಾರು ಹಿಂದೆ ಹೋಗಬೇಕು? ಘಾಟಿಯಲ್ಲಿ ಹತ್ತುವವರಿಗೆ ದಾರಿ ಬಿಡಬೇಕು ಅಂತ ನಿಯಮ ಇದೆಯಲ್ಲ?

---

ಸೈಟ್_ಮೇಸ್ತ್ರಿ:

ಹತ್ತುವ ಗಾಡಿಗೆ ಮೊದಲ ದಾರಿ, ನಿಯಮ ನಿಜ. ಆದರೆ ಅದು ಇಬ್ಬರೂ ನ್ಯಾಯವಾಗಿ ಬಂದಿರುವ ರಸ್ತೆಗೆ. ಸೈಟ್ ಒಳಗೆ ಬಾವುಟದವನ ಮಾತೇ ನಿಯಮ. ನೀವು ಮಾಡಬೇಕಾದದ್ದು ಇಷ್ಟೇ ಮೇಡಂ: ನಿಂತುಬಿಡಿ. ನಾಲ್ಕು ಇಂಡಿಕೇಟರ್ ಹಾಕಿ. ಕೋನ್ ಸರಿಸಿ ಒಳಗೆ ಹೋಗಲು ಜಾಗ ಇದೆ ಅಂತ ಕಂಡರೂ ಹೋಗಬೇಡಿ, ಆ ಅಂಚಿನಲ್ಲಿ ಹೊಸ ಮಣ್ಣು ತುಂಬಿದ್ದರೆ ಗಾಡಿ ಭಾರಕ್ಕೆ ಕುಸಿಯಬಹುದು, ಆಳುಗಳೂ ಅಲ್ಲೇ ಇರುತ್ತಾರೆ. ನೀವಾಗಿ ರಿವರ್ಸ್ ಕೂಡ ಹಾಕಬೇಡಿ. ನೀವು ದಾಟಿದ ಕೂಡಲೇ ನಮ್ಮವರು ಸಲಿಕೆ ಹಿಡಿದು ನಿಮ್ಮ ಹಿಂದಿನ ಜಾಗಕ್ಕೆ ಇಳಿದಿರುತ್ತಾರೆ, ನಿಮ್ಮ ಕನ್ನಡಿಯಲ್ಲಿ ಕಾಣುವುದಿಲ್ಲ. ನುಸುಳಿ ಬಂದವನನ್ನೇ ಹಿಂದೆ ಕಳಿಸುತ್ತೇವೆ. ಅವನ ಹಿಂದೆ ಬಸ್ಸು ಬಂದುಬಿಟ್ಟಿದ್ದರೆ ಮಾತ್ರ ನಿಮ್ಮನ್ನು ಕೇಳುತ್ತೇವೆ, ಆಗಲೂ ಒಬ್ಬ ಬಂದು ನಿಮ್ಮ ಹಿಂದೆ ನಿಂತು ಕೈ ತೋರಿಸಿದ ಮೇಲೆಯೇ ಗಾಡಿ ಅಲ್ಲಾಡಿಸಿ.

---

ಪಿಕಪ್_ಸುಂಟಿಕೊಪ್ಪ:

ಅಕ್ಕಾ, ಅಷ್ಟು ಹೊತ್ತು ಇಳಿಜಾರಿನಲ್ಲಿ ನಿಲ್ಲುವಾಗ ಹ್ಯಾಂಡ್‌ಬ್ರೇಕ್ ಜೊತೆ ಗಾಡಿ ಗೇರ್‌ನಲ್ಲೂ ಇರಲಿ. ಸ್ಟೇರಿಂಗ್ ಬರೆ ಕಡೆಗೆ ತಿರುಗಿಸಿಡಿ, ಆ ಕಡೆ ಆಳುಗಳು ಇಲ್ಲದಿದ್ದರೆ ಮಾತ್ರ.